ಕಂಡಕ್ಟರು ಮಾತು ಬಿಟ್ಟ ಬೆಳಿಗ್ಗೆ

"ಈಗ ನಡೀರಿ, ನಿಧಾನಕ್ಕೆ. ವಾರ್ಡಿನ ಬಾಗಿಲು ಮುಟ್ಟಿ ವಾಪಸ್ ಬಂದ್ರೆ ಸಾಕು," ಎಂದು ನರ್ಸ್ ಕಂಡಕ್ಟರನ ಬೆರಳಿಗೆ ಕ್ಲಿಪ್ ಸಿಕ್ಕಿಸಿದಳು. ಅದರಲ್ಲಿ ಕಾಣುವ ಆಮ್ಲಜನಕದ ಅಂಕೆ ಎಂಬತ್ತೆಂಟಕ್ಕಿಂತ ಕೆಳಗಿಳಿಯದಿದ್ದರೆ ಇವತ್ತೇ ಮನೆ. ಇಳಿದರೆ ಮತ್ತೆ ಅದೇ ಹಾಸಿಗೆ, ಅದೇ ಮಾಸ್ಕು.

ಚಳಿ ಬಿತ್ತೆಂದರೆ ಅವನ ಶ್ವಾಸಕೋಶ ಹೀಗೆ ಕೈಕೊಡುವುದು ಹೊಸದಲ್ಲ. ಮಾತಾಡಿದರೆ ಅಂಕೆ ಇಳಿಯುತ್ತದೆ ಎಂಬುದೂ ಅವನಿಗೆ ಗೊತ್ತು. ಅದಕ್ಕೇ ಬೆಳಿಗ್ಗೆ ಎದ್ದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಸರ್ವಿಸಿನುದ್ದಕ್ಕೂ ಬಸ್ಸು ತುಂಬ ಮಾತಾಡಿಕೊಂಡು ಬಂದ ಮನುಷ್ಯ, ಡಾಕ್ಟರು ಕೇಳಿದ್ದಕ್ಕೂ ಬರೀ ತಲೆ ಅಲ್ಲಾಡಿಸಿದ. ಪಕ್ಕದ ಹಾಸಿಗೆಯ ಮೇಷ್ಟ್ರು "ಇವರ ಬ್ಯಾಟರಿ ಮುಗೀತು" ಎಂದು ಕಾಲೆಳೆದರೂ ಜಗ್ಗಲಿಲ್ಲ. ಸಂಜೆ ಹೆಂಡತಿಯ ಎದುರು ಕೂತು ಊರ ಸುದ್ದಿಯನ್ನೆಲ್ಲ ಹರಟಬೇಕು, ಅವಳು ಸಾಕು ನಿಲ್ಲಿಸಿ ಎಂದು ಬೈಯಬೇಕು; ಅಷ್ಟಕ್ಕಾಗಿ ಅವನ ಜೀವ ಹಂಬಲಿಸುತ್ತಿತ್ತು.

ಈ ಉಪಾಯವನ್ನು ಹೆಂಡತಿಗೂ ಹೇಳಿರಲಿಲ್ಲ. ಹೇಳುವುದಕ್ಕೂ ಉಸಿರು ಬೇಕಲ್ಲ. ಅವನನ್ನು ಕರೆದೊಯ್ಯಲು ಬಂದಾಗಿನಿಂದ ನಾಲ್ಕಾರು ಸಲ ಮಾತಾಡಿಸಿ ನೋಡಿ ಸೋತಿದ್ದ ಅವಳು, ಈಗ ಅವನ ತೋಳು ಹಿಡಿದು ಪಕ್ಕದಲ್ಲೇ ಹೆಜ್ಜೆ ಹಾಕಿದಳು.

ಬಾಗಿಲು ಮುಟ್ಟಿ ತಿರುಗಿದರು. ಅಂಕೆ ತೊಂಬತ್ತರಲ್ಲೇ ನಿಂತಿತ್ತು.

"ಬೇಡ ಬೇಡ ಅಂದ್ರೂ ಆಸ್ಪತ್ರೆಗೆ ಸೇರಿಸ್ದೆ ಅಂತ ಸಿಟ್ಟು, ಅಲ್ವಾ?" ಅವಳು ನೆಲ ನೋಡುತ್ತ ಕೇಳಿದಳು. "ಮಾಡ್ಕೊಳ್ಳಿ. ಆದ್ರೆ ಮನೆಗೆ ಬಂದ್ಮೇಲೂ ಹೀಗೇ ಮೂಕರ ಹಾಗೆ ಕೂತ್ರೆ ನನ್ ಕೈಲಿ ಆಗಲ್ಲ ರೀ. ನೀವಿಲ್ದೆ ಮನೇಲಿ ಮಾತು ಅನ್ನೋದೇ ಇಲ್ಲ. ಟಿವಿ ಹಾಕಿಟ್ಟು ಒಳಗೆ ಕೆಲಸ ಮಾಡ್ಕೋತೀನಿ."

ಅವನು ಅವಳ ಕಡೆ ತಿರುಗಿದ. ಹಾಸಿಗೆ ಇನ್ನೇನು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಸಿಟ್ಟಲ್ಲ ಕಣೇ," ಎಂದ. "ನಿನ್ ಹತ್ರ... ಮಾತಾಡ್ಬೇಕು ಅಂತ್ಲೇ... ಮನೆಗೆ..."

ಕೆಮ್ಮು ಒತ್ತರಿಸಿಕೊಂಡು ಬಂತು. ಅಂಕೆ ಎಂಬತ್ತರ ಹತ್ತಿರಕ್ಕೆ ಜಾರಿತು. ನರ್ಸ್ ಓಡಿಬಂದು ಅವನನ್ನು ಕೂರಿಸಿ ಮಾಸ್ಕ್ ಹಾಕಿದಳು. "ಏನ್ ಕಂಡಕ್ಟ್ರೇ, ಈಗ್ಲೇ ಮಾತಾಡ್ಬೇಕಿತ್ತಾ? ಇವತ್ತು ಬಿಡೋಕಾಗಲ್ಲ."

ಹೆಂಡತಿಗೆ ಆಗ ಎಲ್ಲ ತಿಳಿಯಿತು. ಅಂಗೈಯಿಂದ ಕಣ್ಣೊರೆಸಿಕೊಂಡು, ಸ್ಟೂಲು ಎಳೆದುಕೊಂಡು ಅವನ ಕಿವಿಯ ಹತ್ತಿರ ಕೂತಳು.

"ನೀವು ಸುಮ್ನಿರಿ. ನಾನೇ ಮನೆಗೆ ಕರ್ಕೊಂಡು ಹೋಗ್ತೀನಿ," ಎಂದಳು. "ಬೀಗ ತೆಗ್ದೆ. ಬಾಗ್ಲು ಯಾವತ್ತಿನ ಹಾಗೆ ಕಚ್ಕೊಂಡಿದೆ, ಭುಜ ಕೊಟ್ಟು ತಳ್ಳಿದೆ. ಚಪ್ಪಲಿ ಬಿಟ್ರಾ? ದಾರಿಗಡ್ಡ ಬಿಟ್ಟಿದ್ದೀರಿ, ಸರಿಸಿ. ನಿಮ್ಮ ಕುರ್ಚಿ ಮೇಲೆ ಒಗೆದ ಬಟ್ಟೆ ಹಾಕಿದ್ದೆ, ಎತ್ತಿದೆ, ಕೂತ್ಕೊಳ್ಳಿ. ಒಲೆ ಮೇಲೆ ನೀರಿಟ್ಟೆ..." ಅಷ್ಟಕ್ಕೆ ಮಾತು ನಿಲ್ಲಿಸಿ ಅವನ ಮುಖ ನೋಡಿದಳು.

ಕಣ್ಣು ಮುಚ್ಚಿಕೊಂಡಿದ್ದ ಅವನು, ಬಸ್ಸು ಮುಂದೆ ಹೋಗಲಿ ಎಂದು ಬಾಗಿಲ ಬದಿಗೆ ತಟ್ಟುತ್ತಿದ್ದ ಹಾಗೆ, ಮಂಚದ ಕಬ್ಬಿಣಕ್ಕೆ ಎರಡು ಸಲ ತಟ್ಟಿದ.