ಒಂಬತ್ತನೇ ಮೊಳೆ

ಅವರು ಬೀದಿಯಲ್ಲಿ ನಡೆಯುವಾಗಲೂ ಹೊಲಿಗೆ ಮೆಷಿನ್ ತುಳಿಯುತ್ತಿದ್ದರು. ಬಲಗಾಲಿನ ಹಿಮ್ಮಡಿ ಮೊದಲು, ಆಮೇಲೆ ಬೆರಳು, ಮತ್ತೆ ಹಿಮ್ಮಡಿ. ನಿಂತಲ್ಲಿ ನಿಂತರೂ, ಊಟಕ್ಕೆ ಕೂತರೂ ಆ ಪಾದಕ್ಕೆ ವಿಶ್ರಾಂತಿಯೆಂಬುದಿರಲಿಲ್ಲ. ಸಿಟ್ಟು ಬಂದಾಗಲಂತೂ ನೆಲವೇ ಪೆಡಲ್ ಆಗಿ ಪಕ್ಕದ ಕುರ್ಚಿಗಳು ಸಣ್ಣಗೆ ಅದುರುತ್ತಿದ್ದವು. ಸಿಟ್ಟು ಬಾರದ ದಿನಗಳು ಕಡಿಮೆಯೇ. ನಲವತ್ತು ವರ್ಷ ಹೊಲಿಗೆ ಮೆಷಿನ್ ರಿಪೇರಿ ಮಾಡಿದ ಆ ಮನುಷ್ಯನ ಖಾಕಿ ಕೋಟಿನ ಕಾಲರಿನಲ್ಲಿ ಯಾವಾಗಲೂ ಏಳೆಂಟು ಸೂಜಿಗಳು ಸಾಲಾಗಿ ಚುಚ್ಚಿಕೊಂಡಿರುತ್ತಿದ್ದವು. ಪ್ರೀತಿಯಿಂದ ಅಪ್ಪಿಕೊಳ್ಳಲು ಹೋದವರು ಒಮ್ಮೆ ಚುಚ್ಚಿಸಿಕೊಂಡ ಮೇಲೆ ದೂರದಿಂದಲೇ ಕೈ ಬೀಸುವುದನ್ನು ಕಲಿಯುತ್ತಿದ್ದರು. ಕಿವಿಯೋ, ಬಹಳ ಸೂಕ್ಷ್ಮ. ರಸ್ತೆಯ ಈ ಬದಿಯಲ್ಲಿ ನಿಂತು, ಆ ಬದಿಯ ದರ್ಜಿ ಅಂಗಡಿಯೊಳಗಿನ ಐದು ಮೆಷಿನ್ನುಗಳಲ್ಲಿ ಯಾವುದರ ಬೆಲ್ಟ್ ಸಡಿಲವಾಗಿದೆ ಎಂದು ಹೇಳಬಲ್ಲವರಾಗಿದ್ದರು. ಹೇಳಿ, ಕೊನೆಗೊಂದು ಮಾತು ಸೇರಿಸುತ್ತಿದ್ದರು: "ಬರ್ಕೊಳ್ಳಿ." ಹವಾಮಾನದ ಬಗ್ಗೆ ಮಾತಾಡಿದರೂ, ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೂ ಬಾಲದಲ್ಲಿ ಅದೇ "ಬರ್ಕೊಳ್ಳಿ". ಅದನ್ನು ನಿಜವಾಗಿ ಬರೆದುಕೊಳ್ಳುತ್ತಿದ್ದವರು ಜಗತ್ತಿನಲ್ಲಿ ಒಬ್ಬರೇ ಒಬ್ಬರು: ಸಂಘದ ಕಾರ್ಯದರ್ಶಿ.

ಸಂಘವೆಂದರೆ ಈ ರಿಪೇರಿಯವರೂ ಸೇರಿ ಹನ್ನೆರಡು ಜನ. ಎಂದೋ ಒಡೆದು ಚೂರಾದ, ನಾಲ್ಕೇ ಜನರ ಒಂದು ಬ್ರಿಟಿಷ್ ರಾಕ್ ತಂಡದ ಅಭಿಮಾನಿಗಳು. ಅಚ್ಚುಕೂಟವೊಂದರ ಮಹಡಿಯ ಮೇಲೆ ಅವರದೊಂದು ಕೋಣೆ. ಆ ತಂಡ ತಂದದ್ದು ಒಟ್ಟು ಒಂಬತ್ತು ಆಲ್ಬಮ್ಮುಗಳು. ಕೋಣೆಯ ಉದ್ದನೆಯ ಗೋಡೆಗೆ ಒಂಬತ್ತು ಮೊಳೆಗಳು. ಪ್ರತಿ ಮೊಳೆಗೆ ಒಂದು ರೆಕಾರ್ಡಿನ ರಟ್ಟಿನ ಕವರು. ಇಂಗ್ಲಿಷ್ ಹೆಸರುಗಳನ್ನು ಬಿಟ್ಟು, ಕವರಿನ ಮೇಲಿನ ಚಿತ್ರದಿಂದಲೇ ಅವುಗಳನ್ನು ಕರೆಯುವುದು ಅಲ್ಲಿಯ ರೂಢಿ: ಏಣಿ, ಹಳದಿ ಬಾಗಿಲು, ಹೀಗೆ. ವರ್ಷಕ್ಕೊಮ್ಮೆ, ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಹನ್ನೆರಡೂ ಜನ ಒಂದರಿಂದ ಒಂಬತ್ತರವರೆಗೆ ತಮ್ಮ ತಮ್ಮ ಪಟ್ಟಿ ಬರೆದು ಕೊಡುತ್ತಿದ್ದರು. ಕಾರ್ಯದರ್ಶಿ ಅಂಕ ಕೂಡಿಸಿ ಫಲಿತಾಂಶ ಓದುತ್ತಿದ್ದರು. ಕವರುಗಳನ್ನು ಆ ಕ್ರಮದಲ್ಲೇ ಮತ್ತೆ ನೇತುಹಾಕಲಾಗುತ್ತಿತ್ತು. ಮೊದಲ ಮೊಳೆ ಕಿಟಕಿಯ ಬೆಳಕಿನಲ್ಲಿ. ಒಂಬತ್ತನೆಯದು ಬಾಗಿಲ ಹಿಂದೆ.

ರಿಪೇರಿಯವರ ಜೀವಮಾನದ ಸಿಟ್ಟೆಲ್ಲ ಆ ಒಂಬತ್ತನೇ ಮೊಳೆಯಿಂದ ನೇತಾಡುತ್ತಿತ್ತು.

ಅಲ್ಲಿದ್ದದ್ದು 'ಒದ್ದೆ ಕೋಟು'. ಗೂಟಕ್ಕೆ ಸಿಕ್ಕಿಸಿದ ಒಂದು ಕಪ್ಪು ಕೋಟು, ಅದರ ಅಂಚಿನಿಂದ ತೊಟ್ಟಿಕ್ಕುವ ನೀರು. ಕವರಿನ ಮೇಲೆ ಅಷ್ಟೇ. ಇಪ್ಪತ್ತೆರಡು ವರ್ಷ, ಒಂದು ವರ್ಷವೂ ತಪ್ಪದೆ, ಅದು ಕೊನೆಯ ಸ್ಥಾನದಲ್ಲಿತ್ತು. ಬಾಗಿಲು ತೆರೆದಾಗಲೆಲ್ಲ ಹಿತ್ತಾಳೆಯ ಹಿಡಿ ಸೀದಾ ಹೋಗಿ ಕವರಿಗೆ ಬಡಿದು, ಕೋಟಿನ ಎದೆಯ ಮೇಲೆ ದುಂಡನೆಯ ಬಿಳಿ ಗಾಯವೊಂದು ಮೂಡಿತ್ತು. ಮಳೆಗಾಲದಲ್ಲಿ ಯಾರೋ ಅದೇ ಮೊಳೆಗೆ ಕೊಡೆಯನ್ನೂ ತೂಗುಹಾಕಿದ್ದನ್ನು ಕಂಡ ದಿನ ಅವರು ಕೊಡೆಯನ್ನು ತೆಗೆದು ಕಿಟಕಿಯಿಂದ ಕೆಳಕ್ಕೆ ಬಿಟ್ಟರು. ಮರುದಿನ ಉಣ್ಣೆ ಬಟ್ಟೆ ತಂದು, ಅಳತೆ ತೆಗೆದು, ಬಾಗಿಲ ಹಿಡಿಗೊಂದು ಟೋಪಿ ಹೊಲಿದು ತೊಡಿಸಿದರು. ಪ್ರತಿ ವರ್ಷವೂ ಅವರ ಪಟ್ಟಿಯಲ್ಲಿ ಒದ್ದೆ ಕೋಟಿಗೆ ಮೊದಲ ಸ್ಥಾನ. ಪ್ರತಿ ವರ್ಷವೂ ಫಲಿತಾಂಶ ಓದಿ ಮುಗಿದ ಕೂಡಲೇ ಅವರು ಎದ್ದು ನಿಂತು, ಈ ತೀರ್ಪು ಅನ್ಯಾಯವೆಂದು ಒಂದು ತಕರಾರು ಸಲ್ಲಿಸುತ್ತಿದ್ದರು. ಹಾಗಾಗಿ ಅವರಿಗೆ ತಕರಾರಣ್ಣ ಎಂದೇ ಹೆಸರಾಯಿತು. ಕಾರ್ಯದರ್ಶಿಯ ಕಡತದಲ್ಲಿ ಇಪ್ಪತ್ತೆರಡು ತಕರಾರುಗಳು ದಿನಾಂಕದೊಂದಿಗೆ ಮಲಗಿದ್ದವು.

ಅವರ ಮುಖ್ಯ ಎದುರಾಳಿ ಹಲ್ಲಿನ ಡಾಕ್ಟರು, 'ಏಣಿ'ಯ ಪಕ್ಷಪಾತಿ, ನಗುಮುಖದ ಮನುಷ್ಯ. ಒದ್ದೆ ಕೋಟಿನ ಮಾತು ಬಂದಾಗಲೆಲ್ಲ ಅವರದು ಒಂದೇ ಜೋಕು.

"ತಕರಾರಣ್ಣ, ಆ ಹಾಡುಗಾರನಿಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಹಾಡ್ಸಿದಾರೆ. ನಾನು ದಿನಾ ಕೇಳ್ತೀನಲ್ಲ, ನನಗೆ ಗೊತ್ತು."

ಎಲ್ಲರೂ ನಗುತ್ತಿದ್ದರು. ತಕರಾರಣ್ಣನ ಹಿಮ್ಮಡಿ ನೆಲ ಕುಟ್ಟತೊಡಗುತ್ತಿತ್ತು. ನಿಮಗೆಲ್ಲ ಓಡೋ ಹಾಡೇ ಬೇಕು, ನಿಂತು ಉಸಿರಾಡೋ ಹಾಡು ಬೇಡ ಎಂದು ಅವರು ರೇಗುತ್ತಿದ್ದರು. ಸೋತವನ ನಡಿಗೆ ಹೇಗಿರುತ್ತದೆಂದು ಬಲ್ಲ ಆಲ್ಬಮ್ ಅದೊಂದೇ, ಉಳಿದ ಎಂಟೂ ಗೆದ್ದವರ ಮೆರವಣಿಗೆ ಎನ್ನುತ್ತಿದ್ದರು. ಹೀಗೆ ಹೇಳುವಾಗ ಅವರ ದನಿ ಒಡೆಯುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಇನ್ನಷ್ಟು ಜೋರು ಮಾಡುತ್ತಿದ್ದರು.

ಆ ಆಲ್ಬಮ್ಮನ್ನು ಸಂಘಕ್ಕೆ ತಂದವರೂ ಅವರೇ. ಉಳಿದ ಎಂಟರ ಕವರುಗಳು ಗುಜರಿಯಲ್ಲಿ ಸಿಕ್ಕ ಖಾಲಿ ರಟ್ಟು; ಹಾಡುಗಳ ಕ್ಯಾಸೆಟ್ಟುಗಳು ಅಂಗಡಿಯಲ್ಲೇ ಸಿಗುತ್ತಿದ್ದವು. ಇದೊಂದು ಮಾತ್ರ, ಕಂಪನಿಯವರ ಯಾವುದೋ ವ್ಯಾಜ್ಯಕ್ಕೆ ಸಿಕ್ಕಿ, ಎಲ್ಲಿಯೂ ಬಂದಿರಲಿಲ್ಲ. ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಅವರ ಭಾವ ಯಾವುದೋ ಬಂದರಿನಲ್ಲಿ ಹುಡುಕಿ ರೆಕಾರ್ಡನ್ನು ತಂದುಕೊಟ್ಟಿದ್ದರು. ಅದೇ ವಾರ ತಕರಾರಣ್ಣನ ಮನೆಯ ರೆಕಾರ್ಡ್ ಪ್ಲೇಯರಿನ ಬೆಲ್ಟ್ ತುಂಡಾಗಿತ್ತು. ಬೆಲ್ಟಿಗೆ ಅವರಲ್ಲಿ ಬರವೇ? ತಮ್ಮ ಅಂಗಡಿಯ ರಬ್ಬರನ್ನೇ ತೆಳ್ಳಗೆ ಸೀಳಿ, ಅಂಟಿಸಿ, ಹೊಸದೊಂದನ್ನು ಮಾಡಿ ಹಾಕಿದರು. ತಟ್ಟೆ ತಿರುಗಿತು. ಅದರ ಮೇಲೆ ಒದ್ದೆ ಕೋಟನ್ನು ಹನ್ನೊಂದು ಸಲ ಇಟ್ಟು, ಹನ್ನೊಂದು ಕ್ಯಾಸೆಟ್ ತುಂಬಿಸಿ, ಹನ್ನೊಂದು ಜನರಿಗೂ ಉಚಿತವಾಗಿ ಹಂಚಿದರು. ಸಂಘಕ್ಕೆ ಅವರು ಕೊಟ್ಟ ಅತಿ ದೊಡ್ಡ ಕಾಣಿಕೆ ಅದು. ಕೃತಜ್ಞತೆಯ ಬದಲು ಅದಕ್ಕೆ ಬಾಗಿಲ ಹಿಂದಿನ ಜಾಗ ಸಿಕ್ಕಿತ್ತು.

ಇಪ್ಪತ್ತಮೂರನೇ ವರ್ಷ, ಮತದಾನಕ್ಕೆ ಒಂದು ವಾರವಿರುವಾಗ, ಮಗಳು ಅಪ್ಪನಿಗೊಂದು ಸಹಾಯ ಮಾಡಲು ಹೊರಟಳು. ಅವಳು ಮನೆಯಲ್ಲೇ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುವವಳು. ಒದ್ದೆ ಕೋಟಿನ ಎರಡನೇ ಬದಿಯ ಕೊನೆಯ ಹಾಡನ್ನು ಕಲಿತು, ಭಾನುವಾರ ಸಂಘದಲ್ಲಿ ನುಡಿಸಿ, ಆ ಹನ್ನೊಂದು ಕಲ್ಲುಗಳನ್ನು ಕರಗಿಸುವುದು ಅವಳ ಯೋಚನೆ. ಹಾಡು ಹಾಕಿಕೊಂಡು ಬೆರಳಾಡಿಸಿದಳು. ಕೂಡಲಿಲ್ಲ. ಕೀಬೋರ್ಡಿನಲ್ಲಿ ಒಂದು ಮನೆ ಮೇಲೊತ್ತಿದರೆ ಸ್ವರ ಹೆಚ್ಚು, ಒಂದು ಮನೆ ಕೆಳಗೊತ್ತಿದರೆ ಕಡಿಮೆ.

"ಅಪ್ಪ, ಈ ಹಾಡು ಕಪ್ಪು ಮನೆಗೂ ಬಿಳಿ ಮನೆಗೂ ಮಧ್ಯೆ ಬೀಳ್ತಿದೆ."

"ನಿನ್ನ ಪೆಟ್ಟಿಗೇನೇ ಸರಿಯಿಲ್ಲ."

ಅವಳು ರೆಕಾರ್ಡಿನ ಅಂಚಿಗೆ ಬಿಳಿ ಕಾಗದದ ಚೂರೊಂದನ್ನು ಅಂಟಿಸಿದಳು. ಗಡಿಯಾರ ನೋಡಿಕೊಂಡು ಸುತ್ತುಗಳನ್ನು ಎಣಿಸಿದಳು. ಮೂರು ನಿಮಿಷಕ್ಕೆ ನೂರು ಸುತ್ತು ಬರಬೇಕು, ಬಂದದ್ದು ತೊಂಬತ್ತೆರಡು. ತಕರಾರಣ್ಣ ತಾವೇ ಕೂತು ಎಣಿಸಿದರು. ತೊಂಬತ್ತೆರಡು. ಗಡಿಯಾರವನ್ನು ಬೈದು, ಪಕ್ಕದ ಮನೆಯಿಂದ ಇನ್ನೊಂದು ತಂದು ಎಣಿಸಿದರು. ತೊಂಬತ್ತೆರಡು. ಆಮೇಲೆ ತಟ್ಟೆಯನ್ನೆತ್ತಿ, ಒಳಗಿನ ಬೆಲ್ಟನ್ನು ಬೆರಳಿನಿಂದ ಒತ್ತಿದರು. ಇಪ್ಪತ್ತೆರಡು ವರ್ಷದ ಹಿಂದೆ ತಾವೇ ಅಂಟಿಸಿದ ಬೆಲ್ಟು. ಕೂದಲೆಳೆಯಷ್ಟು ಸಡಿಲ; ತಟ್ಟೆ ಮೊದಲ ದಿನದಿಂದಲೇ ನಿಧಾನವಾಗಿ ತಿರುಗಿತ್ತು.

ಇಡೀ ಪೇಟೆಯ ಬೆಲ್ಟುಗಳನ್ನು ರಸ್ತೆಯಿಂದಲೇ ಕೇಳಿಸಿಕೊಂಡ ಆ ಕಿವಿಗೆ, ತನ್ನ ಮನೆಯ ನಡುಕೋಣೆಯ ಬೆಲ್ಟು ಕೇಳಿಸಿರಲಿಲ್ಲ.

ಸರಿಯಾದ ಬೆಲ್ಟ್ ಹಾಕುವುದು ಐದು ನಿಮಿಷದ ಕೆಲಸ. ಹಾಕಿ ಮುಳ್ಳಿಟ್ಟಾಗ ಕೋಣೆಗೆ ಯಾರೋ ಬೇರೆಯವರು ಬಂದಂತಾಯಿತು. ಹಾಡುಗಾರ ಎಳೆಯ ಪ್ರಾಯದವನಾಗಿಬಿಟ್ಟಿದ್ದ. ಡ್ರಮ್ಮು ಕುಣಿಯುತ್ತಿತ್ತು. ಇದು ಚೆನ್ನಾಗಿದೆ ಎಂದು ಮಗಳ ಮುಖವೇ ಹೇಳುತ್ತಿತ್ತು; ಅವಳ ಕಾಲು ತಾನಾಗಿ ತಾಳ ಹಾಕುತ್ತಿತ್ತು. ತಕರಾರಣ್ಣನ ಕಾಲು ಮಾತ್ರ, ಬಹುಶಃ ಮೊದಲ ಬಾರಿಗೆ, ನಿಂತುಹೋಗಿತ್ತು.

"ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಹಾಡ್ತಿದಾನೆ ಪುಟ್ಟಿ," ಎಂದರು. "ಇವನು ಯಾರು?"

ಆ ವಾರವೆಲ್ಲ ಅವರು ಅಂಗಡಿಯಲ್ಲಿ ಗಿರಾಕಿಗಳನ್ನು ಬೈದರು. ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದರೆ ತಾವು ಪ್ರೀತಿಸಿದ ಆ ನಿಧಾನದ ಒದ್ದೆ ಕೋಟು ತಮ್ಮದಾಗಿಯೇ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಬಾಗಿಲ ಹಿಂದಿನ ಆ ಕವರು ಮಾಡದ ತಪ್ಪಿಗೆ ಏಟು ತಿನ್ನುತ್ತಲೇ ಇರುತ್ತಿತ್ತು. ಸುಮ್ಮನಿರಬಹುದಲ್ಲ ಎಂದು ಮಗಳೂ ಮೆಲ್ಲನೆ ಹೇಳಿದಳು. ಅವಳನ್ನೂ ಬೈದರು.

ಭಾನುವಾರ ಅವರು ರೆಕಾರ್ಡ್ ಪ್ಲೇಯರನ್ನು ಮಗುವಿನಂತೆ ಎದೆಗವಚಿಕೊಂಡು ಮಹಡಿ ಹತ್ತಿದರು. ಪಟ್ಟಿಗಳನ್ನು ಬರೆಯುವ ಮೊದಲೇ ಎದ್ದು ನಿಂತರು. ಫಲಿತಾಂಶಕ್ಕೆ ಮುಂಚೆಯೇ ತಕರಾರೇ ಎಂದು ಡಾಕ್ಟರು ನಕ್ಕರು.

"ಈ ಸಲದ ತಕರಾರು ನನ್ನ ಮೇಲೇನೇ," ಎಂದರು ತಕರಾರಣ್ಣ. "ಇಪ್ಪತ್ತೆರಡು ವರ್ಷ ನಾನು ನಿಮಗೆ ಕೇಳ್ಸಿದ್ದು ಒದ್ದೆ ಕೋಟಲ್ಲ. ನನ್ನ ಸಡಿಲ ಬೆಲ್ಟು. ಡಾಕ್ಟ್ರು ಹೇಳ್ತಿದ್ದ ಇಂಜೆಕ್ಷನ್ನು ಕೊಟ್ಟೋನು ನಾನೇ. ಬರ್ಕೊಳ್ಳಿ."

ಕಾರ್ಯದರ್ಶಿ ಅಭ್ಯಾಸದಂತೆ ಪೆನ್ನು ತೆಗೆದವರು, ಬರೆಯಲಾರದೆ ಕೂತರು. ತಕರಾರಣ್ಣ ರೆಕಾರ್ಡು ಹಾಕಿದರು. ಎರಡೂ ಬದಿ ಮುಗಿಯುವವರೆಗೆ ಒಬ್ಬರೂ ಕುರ್ಚಿ ಸರಿಸಲಿಲ್ಲ. ಆಮೇಲೆ ಪಟ್ಟಿ ಬರೆದರು, ಅಂಕ ಕೂಡಿಸಿದರು. ಒದ್ದೆ ಕೋಟು ಎರಡನೇ ಸ್ಥಾನಕ್ಕೆ ಬಂತು. 'ಏಣಿ'ಗಿಂತ ಮೂರೇ ಅಂಕ ಹಿಂದೆ. ಡಾಕ್ಟರು ಎದ್ದು ಬಂದು, ಸೂಜಿಗಳನ್ನೂ ಲೆಕ್ಕಿಸದೆ ಅವರನ್ನು ತಬ್ಬಿಕೊಂಡು, ಇಷ್ಟು ವರ್ಷ ನೀವು ಹೇಳಿದ್ದೇ ಸರಿ ಅಣ್ಣ ಎಂದರು.

ಅಲ್ಲಿಯವರೆಗೆ ತಡೆದುಕೊಂಡಿದ್ದ ಸಿಟ್ಟು ಆಗ ಒಡೆಯಿತು. ಏನು ಸರಿ, ಯಾವುದು ಸರಿ ಎಂದು ಅವರು ಕೂಗಾಡಿದರು. ನಾನು ಹೇಳಿದ್ದು ಇದನ್ನಲ್ಲ; ನಾನು ಹೇಳಿದ್ದನ್ನು ನೀವು ಇಂದಿಗೂ ಒಪ್ಪಿಲ್ಲ; ನೀವು ಒಪ್ಪಿದ್ದು ಬೇರೆ ಯಾವುದನ್ನೋ; ನಿಮ್ಮ ಅಭಿನಂದನೆ ನನಗೆ ತಪ್ಪು ವಿಳಾಸಕ್ಕೆ ಬಂದ ಕಾಗದ. ಕಾರ್ಯದರ್ಶಿ ಮೆಲ್ಲನೆ ಕೆಮ್ಮಿ, ತಕರಾರಣ್ಣನ ಪಟ್ಟಿಯ ಬಗ್ಗೆಯೇ ಒಂದು ತೊಡಕಿದೆ, ಅದನ್ನು ಎಣಿಕೆಗೆ ಸೇರಿಸಿಲ್ಲ ಎಂದರು. ಮೊದಲ ಸ್ಥಾನದಲ್ಲಿ ಅವರು ಬರೆದಿದ್ದದ್ದು: 'ಒದ್ದೆ ಕೋಟು, ತೊಂಬತ್ತೆರಡು ಸುತ್ತಿನದು'.

"ಇಂಥ ಆಲ್ಬಮ್ಮು ಇಲ್ವಲ್ಲ ಅಣ್ಣ."

"ಇತ್ತು," ಎಂದರು ತಕರಾರಣ್ಣ.

ಮತ ಅಸಿಂಧುವೆಂದೇ ದಾಖಲಾಯಿತು. ಅದಕ್ಕೂ ಒಂದು ತಕರಾರು ಸಲ್ಲಿಕೆಯಾಯಿತು.

ಕವರುಗಳನ್ನು ಹೊಸ ಕ್ರಮದಲ್ಲಿ ನೇತುಹಾಕಿದರು. ಎದೆಯ ಮೇಲೆ ದುಂಡನೆಯ ಗಾಯದ ಒದ್ದೆ ಕೋಟು ಕಿಟಕಿಯ ಬೆಳಕಿಗೆ ಬಂತು. ತಕರಾರಣ್ಣ ಅತ್ತ ತಿರುಗಿಯೂ ನೋಡದೆ ಪ್ಲೇಯರನ್ನು ಅವಚಿಕೊಂಡು ಹೊರಟರು. ಬಾಗಿಲು ಎಳೆದಾಗ, ಸವೆದು ತೂತಾಗಿದ್ದ ಉಣ್ಣೆಯ ಟೋಪಿ ಕಳಚಿ ಬಿತ್ತು; ಬರಿಯ ಹಿತ್ತಾಳೆಯ ಹಿಡಿ ಗೋಡೆಯತ್ತ ಹೊರಟಿತು. ಒಂಬತ್ತನೇ ಮೊಳೆಯಲ್ಲಿ ಈಗ 'ಹಳದಿ ಬಾಗಿಲು' ಇತ್ತು. ಅವರೆಂದೂ ಇಷ್ಟಪಡದ, ಐದನೆಯದಕ್ಕಿಂತ ಮೇಲೆ ಎಂದೂ ಬರೆಯದ ಆಲ್ಬಮ್ಮು. ಅವರು ಮೊಣಕೈ ಅಡ್ಡ ಕೊಟ್ಟು ಬಾಗಿಲನ್ನು ತಡೆದರು. ಮೊಣಕೈಗೆ ಪೆಟ್ಟಾಯಿತು. ಪ್ಲೇಯರನ್ನು ಅವಚಿಕೊಂಡೇ ಆ ಕವರನ್ನು ನೋಡಿದರು. ಬಲಗಾಲಿನ ಹಿಮ್ಮಡಿ ಮೆಲ್ಲನೆ ಏಳತೊಡಗಿತು.

"ಕಾರ್ಯದರ್ಶಿಗಳೇ," ಎಂದರು. "ಇದಕ್ಕೆ ಈ ಜಾಗ ಅನ್ಯಾಯ. ಬರ್ಕೊಳ್ಳಿ."

ಮೊದಲ ಮೊಳೆಯಲ್ಲಿರುವುದನ್ನು ಪ್ರೀತಿಸುವವರು ಎಲ್ಲ ಕಾಲದಲ್ಲೂ ಹೇರಳವಾಗಿ ಸಿಗುತ್ತಾರೆ. ಅವರ ಪ್ರೀತಿಗೆ ಬೆಳಕಿದೆ, ಜೊತೆಯಿದೆ, ಎಣಿಕೆಯ ಬೆಂಬಲವಿದೆ. ತಕರಾರಣ್ಣನ ಜಾತಿಯವರು ಅಪರೂಪ. ಅವರನ್ನು ಜಗಳಗಂಟರೆಂದು ನಾವು ನಕ್ಕು ಪಕ್ಕಕ್ಕಿಡುತ್ತೇವೆ, ಕೊನೆಗೊಮ್ಮೆ ಒಪ್ಪಿಕೊಂಡಾಗ ಅವರು ಸಂತೋಷಪಡಲಿಲ್ಲವೆಂದು ನಾವೇ ನೊಂದುಕೊಳ್ಳುತ್ತೇವೆ. ಅವರು ಕಾಯುವುದು ನಮ್ಮ ಒಪ್ಪಿಗೆಯನ್ನಲ್ಲ. ನಾವೆಲ್ಲ ಕೂಡಿ, ನಿಯಮಬದ್ಧವಾಗಿ, ಯಾರ ಮೇಲೂ ದ್ವೇಷವಿಲ್ಲದೆ ಏನನ್ನೋ ಬಾಗಿಲ ಹಿಂದೆ ನೇತುಹಾಕಿ, ಆ ಬಾಗಿಲನ್ನು ದಿನವೂ ತೆರೆಯುತ್ತೇವಲ್ಲ, ಅವರ ಕಾಲು ಆ ಸದ್ದಿಗೆ ತುಳಿಯುತ್ತದೆ. ಅಂಥವರು ಕೊಠಡಿಗೊಬ್ಬರಾದರೂ ಇಲ್ಲದಿದ್ದರೆ, ಹಿಡಿ ಬಡಿಯುತ್ತಿದೆ ಎಂಬುದೇ ಉಳಿದವರಿಗೆ ತಿಳಿಯುವುದಿಲ್ಲ.