ಕೊಳವೆಯ ಬಾಯಿಗೆ ಗೋಣಿಚೀಲ

೧೯೮೬ರ ಮಾತು. ಸುಗ್ಗಿ ಮುಗಿದಿತ್ತು. ಹೊನ್ನಾಳಿಯಿಂದ ಕತ್ತಲಗೆರೆಯ ಅಕ್ಕನ ಮನೆಗೆ ಬಂದ ಪ್ರೇಮಮ್ಮ ಅಡುಗೆಮನೆ ಬಾಗಿಲಲ್ಲೇ ಕೆಮ್ಮಿದಳು. ಒಳಗೆ ಹೊಗೆಯೋ ಹೊಗೆ. ಅಕ್ಕನ ಸೊಸೆ ಅನ್ನಪೂರ್ಣಮ್ಮ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ತೊಟ್ಟಿಲಲ್ಲಿ ಅವಳ ಕೂಸು. ಅದೂ ಕೆಮ್ಮುತ್ತಿತ್ತು.

ಪ್ರೇಮಮ್ಮನಿಗೆ ಮೈಯೆಲ್ಲ ಉರಿಯಿತು. ಗ್ರಾಮಸೇವಕರ ಬೆನ್ನುಬಿದ್ದು ಈ ಮನೆಗೆ ಹೊಗೆಯಿಲ್ಲದ ಒಲೆ, ಕೊಳವೆ ಎಲ್ಲ ಹಾಕಿಸಿದವಳು ಅವಳೇ.

“ಅಕ್ಕಾ, ಇದೇನೇ ಇದು? ಒಲೆ ಕೆಟ್ಟೈತಾ?”

“ಒಲೆಗೇನಾಗೈತೆ?” ಎಂದಳು ಅಕ್ಕ ಸಿದ್ದಲಿಂಗಮ್ಮ. “ಹೊಗೆ ಹೊರಗೆ ಹೋದ್ರೆ ಬೀಜಕ್ಕೆ ಹುಳ ಹಿಡೀತಾವೆ. ಅದಕ್ಕೇ ಕೊಳವೆ ಬಾಯಿಗೆ ಗೋಣಿಚೀಲ ತುರುಕ್ಸೀನಿ.”

ಒಲೆಯ ಮೇಲಿನ ಬಿದಿರ ಗಳಕ್ಕೆ ಬಿತ್ತನೆಯ ಜೋಳದ ತೆನೆಗಳು ತೂಗುತ್ತಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗಾಯಿತು!

“ನಮ್ಮವ್ವ ಇದೇ ಹೊಗೆಯಾಗೆ ಬಾಳ್ವೆ ಮಾಡ್ಲಿಲ್ವಾ?” ಎಂದಳು ಸಿದ್ದಲಿಂಗಮ್ಮ.

“ಮಾಡಿದ್ಲು. ಕೊನೆಗಾಲಕ್ಕೆ ನಾಲ್ಕು ಹೆಜ್ಜೆ ಇಟ್ರೆ ಏದುಸಿರು ಬಿಡ್ತಿದ್ಲು, ಮರೆತ್ಯಾ? ನನ್ನ ವಾರಗಿತ್ತಿ ಸರ್ವಮಂಗಳಮ್ಮ ಬೀಡಿ ಮುಟ್ಟಿದೋಳಲ್ಲ. ಶ್ವಾಸಕೋಶದ ಕ್ಯಾನ್ಸರ್ ಆಗಿ ಹೋದ್ಲು. ಇದರಿಂದಲೇ ಬಂತು ಅಂತ ಹೇಳಾಕೆ ಆಗಲ್ಲ, ಆದ್ರೆ ದಿನಾ ಒಲೆ ಹೊಗೆ ಕುಡಿಯೋರಿಗೆ ಅಪಾಯ ಜಾಸ್ತಿ ಅಂದ್ರು ಡಾಕ್ಟ್ರು. ಜಗಳೂರು ಕಡೆ ಹತ್ತಿ ಕಟ್ಟಿಗೆ, ನಿಮ್ಮ ಕಡೆ ಅಡಿಕೆ ಸಿಪ್ಪೆ, ಎಲ್ಲಾ ಕಡೆ ಕುಳ್ಳು. ಏನು ಉರಿಸಿದ್ರೂ ಹೊಗೆ ಹೋಗೋದು ಎದೆಗೇ.”

ಪಡಸಾಲೆಯಲ್ಲಿ ಬೀಡಿ ಸೇದುತ್ತಿದ್ದ ಭಾವ ಕೊಟ್ರಬಸಪ್ಪ ನಕ್ಕ. “ನಿನ್ನ ಮಾತು ಕೇಳಿ ಬೀಜ ಹುಳಕ್ಕೆ ಹಾಕಾಕೆ ಆಗ್ತದಾ?”

“ಭಾವಾ, ನಿಮ್ಮ ಬೀಡಿ ಎಲ್ಲಕ್ಕಿಂತ ದೊಡ್ಡ ಅಪಾಯ. ನೀವು ಬಿಟ್ಟ ಹೊಗೆ ಆ ಮಗಾನೂ ಕುಡೀತೈತೆ,” ಎಂದು ಪ್ರೇಮಮ್ಮ ಅಕ್ಕನ ಕಡೆ ತಿರುಗಿದಳು. ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. “ಈ ಹೊಗೆಗೆ ಹುಳ ಸಾಯ್ತಾವೋ ಇಲ್ವೋ?”

“ಸಾಯ್ತಾವೆ. ಅದಕ್ಕೇ ಅಲ್ವಾ ಕಟ್ಟಿರೋದು?”

“ಹುಳ ಸಾಯೋ ಹೊಗೆಯಾಗೆ ಮೊಮ್ಮಗನ್ನ ಮಲಗಿಸೀಯಲ್ಲೇ!”

ಕೂಸು ಮತ್ತೆ ಮುಖ ಕೆಂಪಗಾಗುವಷ್ಟು ಕೆಮ್ಮಿತು. ಸಿದ್ದಲಿಂಗಮ್ಮ ಅದನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. “ಮತ್ತೆ ಬೀಜಕ್ಕೇನು ಮಾಡ್ಲಿ?” ಎಂದಳು ಅಲ್ಲಿಂದಲೇ.

“ಚೆನ್ನಾಗಿ ಒಣಗಿಸಿ, ಬೂದಿ, ಒಣಗಿದ ಬೇವಿನ ಸೊಪ್ಪು ಬೆರೆಸಿ ಗುಡಾಣಕ್ಕೆ ತುಂಬು. ಬರಲ್ವಾ ನಿಂಗೆ?”

ಸಿದ್ದಲಿಂಗಮ್ಮ ಗಂಡನ ಮೇಲೆ ತಿರುಗಿಬಿದ್ದಳು. “ಆ ಬೀಡಿ ಬಿಸಾಕಿ ಮ್ಯಾಲೆ ಹತ್ರೀ! ಗೋಣಿ ಕಿತ್ತು ಹಾಕ್ರಿ!” ಕೊಟ್ರಬಸಪ್ಪ ಗೊಣಗುತ್ತಲೇ ಹತ್ತಿದ. ಗೋಣಿ ತೆಗೆದದ್ದೇ ತಡ, ಹೊಗೆ ಕೊಳವೆ ಹಿಡಿದು ಹೊರಗೆ ಹೋಯಿತು.

“ತಿಂಗಳಿಂದ ನಾನೂ ಇದನ್ನೇ ಹೇಳ್ತಿದ್ದೆ,” ಎಂದಳು ಅನ್ನಪೂರ್ಣಮ್ಮ, ರೊಟ್ಟಿಯನ್ನು ಪಟಪಟ ಬಡಿಯುತ್ತ.

ಅಕ್ಕಂದಿರೇ, ಅಣ್ಣಂದಿರೇ, ಈಗಲೇ ಎದ್ದು ನಿಮ್ಮ ಅಡುಗೆಮನೆಯ ಸೂರು ನೋಡಿ. ಮಸಿ ಕಟ್ಟಿದೆಯೇ? ಒಲೆ ಮುಂದೆ ಕೂತವರ ಎದೆಗೂ ಅದೇ ಹೊಗೆ ಇಳಿದಿದೆ. ಕೊಳವೆ ಇದ್ದರೆ ಮಸಿ ತೆಗೆದು ಶುಚಿಯಾಗಿಡಿ, ಇಲ್ಲದಿದ್ದರೆ ಗ್ರಾಮಸೇವಕರನ್ನು ಕೇಳಿ ಹಾಕಿಸಿಕೊಳ್ಳಿ. ಬೀಡಿ ಸೇದುವುದನ್ನು ನಿಲ್ಲಿಸಿ. ಕೆಮ್ಮು ಮೂರು ವಾರ ದಾಟಿದರೆ, ಇಲ್ಲವೇ ಕಫದಲ್ಲಿ ರಕ್ತ ಕಂಡರೆ ಕಷಾಯ ಕುದಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ತೊಟ್ಟಿಲಲ್ಲಿರುವ ಕೂಸಿಗೆ ಎದ್ದು ಹೊರಗೆ ಹೋಗಲು ಬರುವುದಿಲ್ಲ. ಹೊಗೆಯನ್ನು ಹೊರಗೆ ಕಳಿಸಲು ನಿಮಗೆ ಬರುತ್ತದೆ.