ಕೆಂಪು ಬಳಿದ ಹೊತ್ತು

ಬಸ್ಸಿನ ಹೊತ್ತಿಗೆ ಕೆಂಪು ಬಳಿಯಿರಿ ಎಂದು ಚೌಡೇಶ್ವರಿಗೆ ಯಾರೂ ಹೇಳಿರಲಿಲ್ಲ. ಅವಳೇ ಬಳಿದಳು. ಚನ್ನಗಿರಿಯ ತರಬೇತಿ ಕೊಠಡಿಯಲ್ಲಿ ಅಷ್ಟೂ ಜನ ಶಿಕ್ಷಕರು ತೊಡೆಯ ಮೇಲೆ ಬಿಳಿ ಹಾಳೆ ಇಟ್ಟುಕೊಂಡು, ಒಂದನೇ ಕ್ಲಾಸಿನ ಮಕ್ಕಳ ಹಾಗೆ ನಾಲಿಗೆ ತುದಿ ಕಚ್ಚಿಕೊಂಡು ಬಣ್ಣ ತುಂಬುತ್ತಿದ್ದರು. ದಾವಣಗೆರೆಯಿಂದ ಬಂದಿದ್ದ ತರಬೇತುದಾರರು ಹಾಳೆ ತುಂಬ ರೊಟ್ಟಿಯಗಲದ ವೃತ್ತ ಬರೆಸಿ, ಅದೇ ನಿಮ್ಮ ದಿನ ಎಂದು ತಿಳಿದು ಹೋಳು ಮಾಡಿ ಎಂದಿದ್ದರು. ಉಪಯೋಗದ ಹೊತ್ತಿಗೆ ಹಸಿರು, ಹಾಳಾಗುವ ಹೊತ್ತಿಗೆ ಕೆಂಪು. ಚೌಡೇಶ್ವರಿಯ ರೊಟ್ಟಿ ಪೂರಾ ಹಸಿರಾಗಿತ್ತು. ಅಡುಗೆ, ಅತ್ತೆಯ ಕಷಾಯ, ಮಗಳ ಡಬ್ಬಿ, ಶಾಲೆ, ಮತ್ತೆ ಅಡುಗೆ. ಕೆಂಪು ಏನೂ ಇಲ್ಲದಿದ್ದರೆ ತನ್ನನ್ನು ತಾನೇ ಹೊಗಳಿಕೊಂಡ ಹಾಗಾದೀತು ಎನ್ನಿಸಿ, ಹೋಗುವ ಬಸ್ಸಿನ ಹೋಳಿಗೂ ಬರುವ ಬಸ್ಸಿನ ಹೋಳಿಗೂ ಕೆಂಪು ತುಂಬಿದಳು.

ತರಬೇತುದಾರರು ಆ ಹಾಳೆಯನ್ನೇ ಎತ್ತಿ ಹಿಡಿದರು. "ನೋಡ್ರಿ, ಮೇಡಂ ದಿನಕ್ಕೆ ಎರಡು ತಾಸು ಹುಡುಕಿ ತೆಗೆದಾರೆ! ಕಳೆದ ಎಮ್ಮೆ ಸಿಕ್ಕಂಗಾತು. ಈಗ ಹೇಳ್ರಿ ಮೇಡಂ, ಈ ವರ್ಷ ನಿಮ್ಮ ಸ್ವಂತದ ಗುರಿ ಏನು?"

"ದಿನಕ್ಕೊಂದು ತಾಸು ನಂದು ಅಂತ ಇರಬೇಕು ಸರ್."

"ಭೇಷ್! ಆ ತಾಸಿನಾಗೆ ಏನು ಮಾಡ್ತೀರಿ?"

ಚೌಡೇಶ್ವರಿ ಬಾಯಿ ತೆರೆದಳು. ಏನೂ ಬರಲಿಲ್ಲ. ಕೂತವರೆಲ್ಲ ನಕ್ಕರು, ಅವಳೂ ನಕ್ಕಳು. ಕೂತ ಮೇಲೆ ಮನಸ್ಸಿನೊಳಗೆ ಮೂಲೆ ಮೂಲೆ ತಡಕಿ ನೋಡಿದಳು. ಏನು ಬೇಕು ಎಂಬುದು ಕೈಗೆ ಸಿಗಲಿಲ್ಲ. ಬೇಕು ಎಂಬುದೊಂದು ಮಾತ್ರ ಸಿಕ್ಕಿತು.

ಗಂಡ ಕೆಂಚೇಶ್ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈ ಕಥೆಯಲ್ಲಿ ಕೆಟ್ಟವರು ಯಾರಾದರೂ ಸಿಕ್ಕಿದ್ದರೆ ಚೌಡೇಶ್ವರಿಯ ಪಾಡು ಎಷ್ಟೋ ಹಗುರಾಗುತ್ತಿತ್ತು. ಗುರಿಯ ಮಾತು ಕೇಳಿದವನೇ ಅವನು ಯೋಚನೆಗೆ ಬಿದ್ದ. "ಉಬ್ರಾಣಿ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಲ್ತೈತೆ. ಸ್ಕೂಟರ್ ಆದ್ರೆ ಅರ್ಧಕ್ಕರ್ಧ ಟೈಮು ಉಳಿತೈತೆ. ನಿನ್ನ ತಾಸು ಅಲ್ಲೇ ಐತೆ ನೋಡು." ಹೊಸದೊಂದು ಕೊಡಿಸಿ, ಭಾನುವಾರಗಳಂದು ಕಾಲೇಜು ಮೈದಾನದಲ್ಲಿ ಅವಳ ಹಿಂದೆ ಓಡುತ್ತ ಓಡುತ್ತ ಸ್ಕೂಟರ್ ಕಲಿಸಿದ. ಬಿದ್ದಾಗ ಬೈಯಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಅವಳು ಹೆಲ್ಮೆಟ್ ಹಾಕಿಕೊಂಡು ಉಬ್ರಾಣಿಯಾಚೆಯ ತನ್ನ ಶಾಲೆಗೆ ಒಬ್ಬಳೇ ಹೋಗಿಬರತೊಡಗಿದಳು.

ಆದರೆ ಉಳಿದ ತಾಸು ಅವಳ ಕೈಗೆ ಬರುವ ಮೊದಲೇ ಅದರ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವುದು ಲೋಕರೂಢಿ. ಹೆಡ್‌ಮಾಸ್ತರು ಹಾಲೇಶಪ್ಪನವರು ಮೊದಲ ವಾರವೇ ಕರೆದು, "ಹೆಂಗೂ ಗಾಡಿ ಐತಲ್ಲ ಮೇಡಂ, ಬರ್ತಾ ಮಕ್ಕಳ ಬಿಸಿಯೂಟದ ಮೊಟ್ಟೆ ತಂದುಬಿಡ್ರಿ. ನಂಗೆ ಸೊಂಟ ಹಿಡಿದೈತೆ" ಎಂದರು. ಅವರ ಸೊಂಟ ನಿಜವಾಗಿಯೂ ಹಿಡಿದಿತ್ತು. ಚೌಡೇಶ್ವರಿ ಮೊಟ್ಟೆಯ ಟ್ರೇಗಳನ್ನು ಕಾಲ ಬಳಿ ಇಟ್ಟುಕೊಂಡು, ಗುಂಡಿ ಕಂಡಲ್ಲೆಲ್ಲ ಉಸಿರು ಬಿಗಿಹಿಡಿದು ಹೋಗತೊಡಗಿದಳು. ಮತದಾರರ ಪಟ್ಟಿಯ ಕೆಲಸ ಬಂದಾಗ ದೂರದ ತಾಂಡಾಗಳೆಲ್ಲ ಅವಳ ಪಾಲಿಗೆ ಬಂದವು. ಹೆಂಗೂ ಗಾಡಿ ಐತಲ್ಲ.

ಮನೆಯಲ್ಲಿ ಅತ್ತೆ ಸಾವಂತ್ರಮ್ಮ ಮೊಣಕಾಲು ಚಾಚಿಕೊಂಡು ಕಾಯುತ್ತಿದ್ದರು. "ಈಗ ಲಗೂನೆ ಬರ್ತೀಯಲ್ಲವ್ವ, ಚೂರು ಎಣ್ಣೆ ತಿಕ್ಕಿಬಿಡು. ನಿನ್ನ ಕೈ ಬಿದ್ರೆ ನಿದ್ದೆ ಬರ್ತೈತೆ" ಎಂದು ಪ್ರೀತಿಯಿಂದಲೇ ಹೇಳಿದರು. ಕೆಂಚೇಶ್ ಮಗಳ ಟ್ಯೂಷನ್ ಬಿಡಿಸಿದ. ಟೀಚರಮ್ಮನನ್ನು ಮನೆಯಲ್ಲಿಟ್ಟುಕೊಂಡು ಹೊರಗೆ ಕಳಿಸುವುದು ಯಾವ ನ್ಯಾಯ? ಹೇಗೂ ಹೇಳಿಕೊಡುತ್ತಾರಲ್ಲ ಎಂದು ಪಕ್ಕದ ಮನೆಯ ಮಕ್ಕಳೂ ಪಾಟಿಚೀಲ ಹಿಡಿದು ಬಂದವು.

ಎಲ್ಲದಕ್ಕೂ ಚೌಡೇಶ್ವರಿ ಹೂಂ ಎಂದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವಾದರೂ ಬರಬಹುದಿತ್ತು, ಅದೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ವಸಡಿಗೆ ಕೊಡುವ ಸೂಜಿಯನ್ನು ಯಾರೋ ಮೈಗೆಲ್ಲ ಕೊಟ್ಟ ಹಾಗಿತ್ತು. ಎಣ್ಣೆ ತಿಕ್ಕುವಾಗ ಕೈ ತಿಕ್ಕುತ್ತಿತ್ತು, ಲೆಕ್ಕ ಹೇಳಿಕೊಡುವಾಗ ಬಾಯಿ ಹೇಳುತ್ತಿತ್ತು. ಅವಳು ಮಾತ್ರ ಎಲ್ಲೂ ಇರಲಿಲ್ಲ. ಮಗಳು ಒಂದು ಸಂಜೆ ಶಾಲೆಯಲ್ಲಿ ಬಹುಮಾನ ಬಂದಿದೆ ಎಂದು ಓಡಿಬಂದಾಗಲೂ, ಜಾಣೆ ಎಂದು ತಲೆ ಸವರಿ ಸಾರಿಗೆ ಉಪ್ಪು ಹಾಕಿದಳು. ರಾತ್ರಿ ಊಟಕ್ಕೆ ಕೂತಾಗ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು.

ಮಾಗಿಯ ಒಂದು ಸಂಜೆ, ಶಾಲೆಯಿಂದ ಬರುವಾಗ, ಯಾಕೆಂದು ಅವಳಿಗೂ ತಿಳಿಯದೆ ರಸ್ತೆಬದಿಯ ಹುಣಸೇಮರದ ಕೆಳಗೆ ಗಾಡಿ ನಿಲ್ಲಿಸಿದಳು. ಹೆಲ್ಮೆಟ್ ತೆಗೆದು ಸೀಟಿನ ಮೇಲೆ ಒಂದು ಬದಿಗೆ ಕೂತಳು. ಆಚೆ ಮೆಕ್ಕೆಜೋಳ ಮುರಿದ ಹೊಲ ಬೋಳಾಗಿ ಮಲಗಿತ್ತು. ಒಂದು ಕೊಕ್ಕರೆ ಅಲ್ಲಿಂದಿಲ್ಲಿಗೆ ನಡೆದಾಡುತ್ತಿತ್ತು. ಅದು ಹೊಲದ ಬದುವಿನವರೆಗೂ ಹೋಗಲಿಲ್ಲ, ಅಷ್ಟರಲ್ಲಿ ಒಂದು ಬೈಕು ಬಂದು ಪಕ್ಕದಲ್ಲಿ ನಿಂತಿತು. ಅವಳ ಶಾಲೆಯ ಹುಡುಗಿಯೊಬ್ಬಳ ಅಪ್ಪ, ಅಂಜಿನಪ್ಪ.

"ಏನ್ರಿ ಮೇಡಂ, ಗಾಡಿ ನಿಂತೋತಾ?"

"ಇಲ್ಲಣ್ಣ, ನಾನೇ ನಿಲ್ಲಿಸೀನಿ."

"ಪೆಟ್ರೋಲ್ ಐತೇನ್ರಿ?"

"ಐತೆ. ಸುಮ್ನೆ ಕೂತೀನಿ."

ಅಂಜಿನಪ್ಪ ಅವಳ ಮುಖವನ್ನೂ ಗಾಡಿಯನ್ನೂ ಮತ್ತೆ ಮತ್ತೆ ನೋಡಿದ. ಹೆಣ್ಣುಮಗಳೊಬ್ಬಳು, ಅದರಲ್ಲೂ ಮೇಡಂ, ಹೊತ್ತು ಇಳಿಯುವಾಗ ದಾರಿಬದಿಯಲ್ಲಿ ಸುಮ್ಮನೆ ಕೂರುವುದುಂಟೇ? ಗಾಡಿಯದೇ ತಪ್ಪಿರಬೇಕು, ಮೇಡಂ ಸಂಕೋಚಕ್ಕೆ ಹೇಳುತ್ತಿಲ್ಲ. ಅವನು ಅವಳನ್ನು ಎಬ್ಬಿಸಿ, ಸೀಟೆತ್ತಿ ನೋಡಿ, ಕಿಕ್ಕರ್ ಒದ್ದು, ಗಾಡಿ ಒಂದೇ ಏಟಿಗೆ ಶುರುವಾದಾಗ ತಾನೇ ರಿಪೇರಿ ಮಾಡಿದವನಂತೆ ಕೈ ಒರೆಸಿಕೊಂಡ. "ನಡೀರಿ, ನಾನು ಊರ ತನಕ ಹಿಂದೆ ಬರ್ತೀನಿ. ಮತ್ತೆ ನಿಂತ್ರೆ ಕಷ್ಟ." ಹಾಗೆಯೇ ಬಂದ ಕೂಡ. ಮನೆಯವರೆಗೆ ಬಂದು ಕೆಂಚೇಶನಿಗೆ ವಿಷಯ ಮುಟ್ಟಿಸಿ, ಟೀ ಕುಡಿದು ಹೋದ.

"ಗಾಡಿ ತೊಂದ್ರೆ ಕೊಡ್ತೈತೆ ಅಂತ ನಂಗ್ಯಾಕೆ ಹೇಳಲಿಲ್ಲ?" ಎಂದ ಕೆಂಚೇಶ್. ಚೌಡೇಶ್ವರಿ ಹೂಂ ಎಂದಳು. ಮಾರನೆಯ ಬೆಳಿಗ್ಗೆ ಅವನೇ ಸ್ಕೂಟರನ್ನು ಮೆಕ್ಯಾನಿಕ್ ಭೀಮೇಶನ ಗ್ಯಾರೇಜಿಗೆ ಒಯ್ದು ಬಿಟ್ಟ. ಅವಳು ಎಷ್ಟೋ ತಿಂಗಳ ಮೇಲೆ ಬಸ್ ನಿಲ್ದಾಣಕ್ಕೆ ನಡೆದಳು.

ಹೋಗುವಾಗ ಬಸ್ಸು ಕಿಕ್ಕಿರಿದಿತ್ತು, ನಿಂತೇ ಹೋದಳು. ಸಂಜೆ ಬರುವ ಬಸ್ಸಿನಲ್ಲಿ ಕಸ್ತೂರಮ್ಮ ಸಿಕ್ಕರು. ಶಾಲೆಗಿಂತ ಒಂದು ಊರು ಹಿಂದೆಯೇ ಬಸ್ಸು ಹತ್ತುವ ಅಂಗನವಾಡಿ ಟೀಚರು. ಮೊದಲು ದಿನಾ ಜೊತೆಗೆ ಬರುತ್ತಿದ್ದವರು. ಬಸ್ಸಿನಲ್ಲೇ ಸೊಪ್ಪು ಬಿಡಿಸಿ, ಅವರೆಕಾಯಿ ಸುಲಿದು, ಮನೆ ಸೇರುವುದರೊಳಗೆ ಸಾರಿನ ಅರ್ಧ ಕೆಲಸ ಮುಗಿಸುವ ಹೆಂಗಸು. ಸೊಪ್ಪಿನ ಚೀಲ ಎತ್ತಿಕೊಂಡು, ಕಿಟಕಿ ಬದಿಯ ಸೀಟು ಬಿಟ್ಟುಕೊಟ್ಟರು. "ಬರ್ರಿ ಮಿಸ್. ಗಾಡಿ ಬಂದ್ಮೇಲೆ ನಮ್ಮನ್ನ ಮರ್ತೇಬಿಟ್ರಿ."

ಚೌಡೇಶ್ವರಿ ಕೂತಳು. ಬ್ಯಾಗು ತೊಡೆಯ ಮೇಲೆ, ಕೈ ಬ್ಯಾಗಿನ ಮೇಲೆ, ತಲೆ ಕಿಟಕಿಯ ಸರಳಿಗೆ. ಬಸ್ಸು ಗಡಗಡ ಎಂದಿತು. ಸರಳಿನ ನಡುಕ ಹಣೆಯಿಂದ ಇಳಿದು ಹಲ್ಲಿಗೆ ಬಂತು, ಎದೆಗೆ ಬಂತು. ಕಸ್ತೂರಮ್ಮ ಏನನ್ನೂ ಕೇಳಲಿಲ್ಲ. ಯಾರೂ ಕೇಳಲಿಲ್ಲ. ಬಸ್ಸಿನಲ್ಲಿ ಕೂತವಳನ್ನು ಯಾಕಮ್ಮ ಕೂತಿದ್ದೀಯ ಎಂದು ಯಾರು ಕೇಳುತ್ತಾರೆ? ಬಾಳೆತೋಟ ಹೋಯಿತು, ಒಂದು ಕೆರೆಯ ಕೋಡಿ ಹೋಯಿತು, ಹಗ್ಗದ ಮೇಲೆ ಒಣಗುವ ಯಾರದೋ ಹಸಿರು ಸೀರೆ ಹೋಯಿತು. ಆ ಸೀರೆ ದಾಟುವಾಗ ಕಣ್ಣಿನಿಂದ ನೀರು ಇಳಿಯಿತು. ದುಃಖವೇನೂ ಇರಲಿಲ್ಲ. ಸುಮ್ಮನೆ ಇಳಿಯಿತು, ಅವಳೂ ಒರೆಸಲಿಲ್ಲ. ಇದೇ, ಎಂದುಕೊಂಡಳು. ನಂದು ಅಂತ ಇದ್ದದ್ದು ಇದೇ. ನಾನೇ ಕೆಂಪು ಬಳಿದು ಕೊಟ್ಟುಬಿಟ್ಟೆ.

ಬ್ಯಾಗಿನೊಳಗೆ ಫೋನು ಕೂಗಿತು. ಭೀಮೇಶ.

"ಮೇಡಂ, ಗಾಡಿ ರೆಡಿ ಐತ್ರಿ. ಏನೂ ಕೆಟ್ಟಿರಲಿಲ್ಲ, ಆಯಿಲ್ ಬದಲಿ ಮಾಡೀನಿ ಅಷ್ಟೆ. ಬಸ್ ಸ್ಟ್ಯಾಂಡಿಗೇ ತಂದ್ಕೊಡ್ಲೇನ್ರಿ?" ಅವನದು ಗ್ಯಾರೇಜಿನ ಗಂಟಲು, ಪಕ್ಕದವರಿಗೂ ಕೇಳುತ್ತಿತ್ತು.

ಚೌಡೇಶ್ವರಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಬ್ರೇಕ್ ನೋಡಿದ್ರೇನು?"

"ನೋಡಿದೆ ಮೇಡಂ. ಫಸ್ಟ್ ಕ್ಲಾಸ್ ಐತೆ."

"ಇಲ್ಲ, ಹಿಡಿಯಲ್ಲ ಅದು."

"ಹೊಸಾ ಗಾಡಿರೀ ಅದು, ನಾನೇ ಓಡಿಸಿ ನೋಡೀನಿ..."

"ಹಿಡಿಯಲ್ಲ ಅಂತೀನಲ್ಲ ಭೀಮೇಶಣ್ಣ!" ದನಿ ತಾನಾಗಿಯೇ ಜೋರಾಯಿತು, ಮುಂದಿನ ಸೀಟಿನವರು ತಿರುಗಿ ನೋಡಿದರು. "ಪೂರಾ ಬಿಚ್ಚಿ ನೋಡ್ರಿ. ಎಷ್ಟು ದಿನ ಬೇಕಾದ್ರೂ ಆಗ್ಲಿ. ನಮ್ಮನೆಯವರು ಕೇಳಿದ್ರೂ ಹಂಗೇ ಹೇಳ್ರಿ."

ಫೋನನ್ನು ಬ್ಯಾಗಿನ ತಳಕ್ಕೆ ತುರುಕಿದಳು. ಕಿವಿ ಬಿಸಿಯಾಗಿತ್ತು. ಗಂಡನಿಗೆ ಹೇಳಬೇಕಾದ ಸುಳ್ಳಿನ ಭಯ ಸರಿಯಾಗಿ ಎದ್ದು ಕೂತಿತ್ತು. ಪಕ್ಕದಲ್ಲಿ ಕಸ್ತೂರಮ್ಮ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಭೀಮೇಶ ಹೇಳಿದ್ದೆಲ್ಲ ಅವರ ಕಿವಿಗೆ ಬಿದ್ದಿತ್ತು, ಅನುಮಾನವೇ ಇಲ್ಲ. ಅವರು ತಲೆ ಎತ್ತಲಿಲ್ಲ.

"ಬ್ರೇಕಿನ ಕೆಲಸ ಅಂದ್ರೆ ಲಗೂನೆ ಮುಗಿಯಲ್ಲ ಬಿಡ್ರಿ ಮಿಸ್" ಎಂದರು ಸೊಪ್ಪಿಗೇ ಹೇಳುವವರ ಹಾಗೆ. ಆಮೇಲೆ ತಾವು ಇನ್ನಷ್ಟು ಅಂಚಿಗೆ ಸರಿದು ಜಾಗ ಮಾಡಿದರು. "ಆರಾಮಾಗಿ ಕೂತ್ಕಳ್ರಿ."

ಬಸ್ಸು ನಿಂತಿತು. ಯಾರೋ ಒಬ್ಬರು ಮೇಕೆ ಹತ್ತಿಸುತ್ತಿದ್ದರು. ಮೇಕೆ ನಾಲ್ಕೂ ಕಾಲು ಊರಿ ಒಲ್ಲೆ ಎನ್ನುತ್ತಿತ್ತು. ಕಂಡಕ್ಟರ್ ಬಾಗಿಲ ಕಂಬಿ ಹಿಡಿದು ನೋಡುತ್ತ ನಿಂತ. ಡ್ರೈವರ್ ಇಂಜಿನ್ ಬಂದ್ ಮಾಡಿದ. ಚೌಡೇಶ್ವರಿ ಚಪ್ಪಲಿ ಬಿಟ್ಟು ಕಾಲನ್ನು ಸೀಟಿನ ಮೇಲೆ ಮಡಚಿಕೊಂಡಳು.